ಮಿನಾ ಶಾನೆಸಿಯವರ ಅಧ್ಯಾಪನ ವೃತ್ತಿ
(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ವಿದ್ಯಾದಾನವೆಂಬ ಮಾತನ್ನು ಕೇಳಿದೊಡನೆ ಜನರ ಕಣ್ಣಿಗೆ ಕಟ್ಟುವುದು, ಮಹಾವಿದ್ವಾಂಸನೊಬ್ಬನು ಕುಶಾಗ್ರಬುದ್ಧಿಯ ಶಿಷ್ಯನಿಗೆ ಗಹನವಾದ ಶಾಸ್ತ್ರವನ್ನು ಬೋಧಿಸುತ್ತಿರುವ ಚಿತ್ರ. ಅಂತಹ ಬೋಧನೆಯಲ್ಲಿ ಗುರುವಿಗೂ ಸುಖವುಂಟು, ಶಿಷ್ಯನಿಗೂ ಸುಖವುಂಟು. ಇಪ್ಪತ್ತು ವರ್ಷ ತುಂಬಿದ್ದರೂ ನಾಲ್ಕು ವಾಕ್ಯಗಳನ್ನು ನೆಟ್ಟಗೆ ಬರೆಯಲಾರದವನ ಹಾಳೆಯನ್ನು ಕೈಗೆತ್ತಿಕೊಂಡು, ಇವನು ಹೀಗೇಕೆ ಬರೆದನೆಂದು ವಿಚಾರಿಸುತ್ತ ಕುಳಿತ ಗುರುವಿನ ಚಿತ್ರವನ್ನಾದರೋ ಯಾರೂ ಬರೆಯುವುದಿಲ್ಲ. ಸಿದ್ಧಾಂತಕೌಮುದಿಯನ್ನು ಹೇಳಿಕೊಡಲು ಮುಂದೆ ಬರುವ ಪಂಡಿತರು ಎಲ್ಲ ಪಾಠಶಾಲೆಗಳಲ್ಲಿಯೂ ಸಿಗುತ್ತಾರೆ. ಕಾಗುಣಿತವನ್ನು ತಿದ್ದಿಸಲು ಬನ್ನಿರೆಂದು ಕರೆದರೆ ಅವರಿಗೆ ಬೇರೆ ಕೆಲಸವಿರುತ್ತದೆ. ಇದು ಒಂದು ದೇಶದ ದೋಷವಲ್ಲ. ಎಲ್ಲ ದೇಶಗಳ ವಿದ್ವಾಂಸರಲ್ಲಿಯೂ ಇರತಕ್ಕದ್ದು.

ಈ ಕೀಳೆಂದು ಎಣಿಸಲ್ಪಟ್ಟ ಕೆಲಸವನ್ನು ತಮ್ಮ ವಿದ್ವತ್ತಿನ ಕ್ಷೇತ್ರವನ್ನಾಗಿ ಮಾಡಿಕೊಂಡ ಅಧ್ಯಾಪಿಕೆಯೊಬ್ಬರು ಅಮೇರಿಕಾ ದೇಶದ ನ್ಯೂಯಾರ್ಕು ನಗರದಲ್ಲಿ ಇದ್ದರು. ಅವರ ಹೆಸರು ಮಿನಾ ಶಾನೆಸಿ. ಅವರು ಕಲಿಸಿದ್ದು ಇಂಗ್ಲೀಷು ಭಾಷೆಯ ಬರವಣಿಗೆ. ಅವರು ಬದುಕಿದ್ದುದು 54 ವರ್ಷ. ಅವರಿಗೆ ಕೀರ್ತಿಯನ್ನು ತಂದ ಅಧ್ಯಾಪನವಾದರೋ ಹನ್ನೊಂದು ವರ್ಷಗಳ ಕೆಲಸವಷ್ಟೇ. ಆದರೂ ಇಂದು ಆ ದೇಶದ ಯಾವ ಸಣ್ಣ ಊರಿನ ಎರಡು ವರ್ಷದ ಕಾಲೇಜಿನಲ್ಲಿಯಾದರೂ ಇಂಗ್ಲೀಷು ಬರವಣಿಗೆಯನ್ನು ಕಲಿಸುವ ಅಧ್ಯಾಪಕನು ಅವರ ಋಣದಲ್ಲಿ ಇರತಕ್ಕವನೇ ಸರಿ.

ಎರಡು ವರ್ಷದ ಕಾಲೇಜು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕಾಗುತ್ತದೆ. ಅಮೇರಿಕಾದಲ್ಲಿ ನಾಲ್ಕು ವರ್ಷ ಓದಿಸಿ ಪದವಿಯನ್ನು ಕೊಡುವ ಕಾಲೇಜುಗಳಲ್ಲದೆ, ಸಮುದಾಯ ಕಾಲೇಜು ಎಂದು ಕರೆಯಲ್ಪಡುವ ಮತ್ತೊಂದು ಬಗೆಯ ವಿದ್ಯಾಲಯಗಳುಂಟು. ಇವುಗಳಲ್ಲಿ ಮೊದಲನೆಯದೆಂದು ಹೇಳಲ್ಪಡುವುದು 1901ರಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನಲ್ಲಿ ಸ್ಥಾಪಿತವಾಯಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ನರು ನೇಮಿಸಿದ್ದ ಆಯೋಗವು ಇಂತಹ ಕಾಲೇಜುಗಳು ದೇಶದ ಎಲ್ಲ ಕಡೆಗಳಲ್ಲಿಯೂ ಆಗಬೇಕೆಂದು ಸಲಹೆ ಮಾಡಿದ ಮೇಲೆ ಇವುಗಳ ಸಂಖ್ಯೆ ಬೆಳೆಯಿತು. ಇಲ್ಲಿ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಶುಲ್ಕ ಕಡಮೆ, ಹಗಲು ದುಡಿದು ಸಂಜೆಗೆ ಓದಲು ಬರುವವರು, ಮಕ್ಕಳ ತಾಯಂದಿರು, ಪರದೇಶಗಳಿಂದ ಬಂದು ನೆಲಸಿದವರು, ಪ್ರೌಢಶಾಲೆಯಲ್ಲಿ ಹಿಂದುಳಿದವರು ಇಲ್ಲಿಯ ವಿದ್ಯಾರ್ಥಿಗಳು. ಇವರೆಲ್ಲರೂ ದಾಟಲೇಬೇಕಾದ ಮೊದಲ ಹೊಳೆ ಯಾವುದೆಂದರೆ, ಇಂಗ್ಲೀಷಿನಲ್ಲಿ ಪ್ರಬಂಧವನ್ನು ಬರೆಯುವ ತರಗತಿ. ಅದರಲ್ಲಿ ಮುಳುಗಿದವನು ವೈದ್ಯಶಾಲೆಯ ದಾದಿಯೂ ಆಗಲಾರ, ಲೆಕ್ಕಪತ್ರದ ಗುಮಾಸ್ತನೂ ಆಗಲಾರ, ಮುಂದಿನ ಕಾಲೇಜಿಗೂ ಹೋಗಲಾರ.

ಶಾನೆಸಿಯವರು 1924ನೆಯ ಇಸವಿಯಲ್ಲಿ ದಕ್ಷಿಣ ಡಕೋಟಾ ಸಂಸ್ಥಾನದ ಲೀಡ್ ಎಂಬ ಚಿನ್ನದ ಗಣಿಯ ಊರಿನಲ್ಲಿ ಜನಿಸಿದರು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಅವರು ಓದಿದ್ದು ವಾಕ್ಕಲೆ ಹಾಗೂ ನಾಟಕಗಳನ್ನು. ಆ ಬಳಿಕ ನ್ಯೂಯಾರ್ಕಿಗೆ ಬಂದು, ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲೀಷು ಸಾಹಿತ್ಯದ ಎಂ.ಎ. ಪದವಿಯನ್ನು ಪಡೆದರು. ಡಾಕ್ಟರ್ ಪದವಿಯನ್ನು ಅವರು ಎಂದಿಗೂ ಪಡೆಯಲಿಲ್ಲ. ಬೇರೆಯವರ ಗ್ರಂಥಗಳಿಗೆ ಸಂಶೋಧನೆಯ ಸಹಾಯವನ್ನು ಮಾಡುತ್ತ, ಸಂಜೆಯ ತರಗತಿಗಳಲ್ಲಿ ಪಾಠವನ್ನು ಹೇಳುತ್ತ ಅವರ ಯೌವನವು ಕಳೆಯಿತು. ನಲವತ್ತು ದಾಟುವವರೆಗೆ ಅವರ ಹೆಸರನ್ನು ಬಲ್ಲವರು ಅತ್ಯಲ್ಪ.

1967ರಲ್ಲಿ ಅವರು ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದರು. ಈ ಕಾಲೇಜಿನ ಪೂರ್ವವೃತ್ತಾಂತವು ಸ್ಮರಣೀಯವಾದುದು. 1847ರಲ್ಲಿ ಶುಲ್ಕವಿಲ್ಲದ ವಿದ್ಯಾಲಯವಾಗಿ ಪ್ರಾರಂಭವಾದ ಇದು, ಯೂರೋಪಿನಿಂದ ಬರಿಗೈಯಲ್ಲಿ ಬಂದ ಬಡವರ ಮಕ್ಕಳಿಗೆ ಉಚ್ಚವಿದ್ಯೆಯನ್ನು ಕೊಟ್ಟು ಹೆಸರಾಂತ ವಿಜ್ಞಾನಿಗಳನ್ನೂ ಲೇಖಕರನ್ನೂ ತಯಾರುಮಾಡಿತ್ತು. ಆದರೆ ಶುಲ್ಕವಿಲ್ಲದಿದ್ದರೂ ಪ್ರವೇಶವು ಬಹಳ ಕಠಿನವಾಗಿದ್ದಿತು. ಕಾಲೇಜು ಇದ್ದುದು ಹಾರ್ಲೆಮ್ ಎಂಬ, ಆಫ್ರಿಕಾ ಮೂಲದ ಜನರು ದಟ್ಟವಾಗಿ ವಾಸಿಸುವ ಮೊಹಲ್ಲದಲ್ಲಿ. ಗೋಡೆಯ ಹೊರಗಿದ್ದ ಆ ಜನರ ಮಕ್ಕಳಾದರೋ ಒಳಗೆ ಬಹು ವಿರಳವಾಗಿದ್ದರು. ದೀಪದ ಕೆಳಗಿನ ಕತ್ತಲೆಯೆಂದು ಹಿರಿಯರು ಹೇಳುವುದು ಇದನ್ನೇ. ಇದನ್ನು ಸರಿಪಡಿಸುವುದಕ್ಕಾಗಿ ಬಡ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ವಿಶೇಷ ಪಾಠಗಳಿಂದ ಸಿದ್ಧಪಡಿಸುವ ಸೀಕ್ ಎಂಬ ಏರ್ಪಾಡು ಆಗ ತಾನೇ ಆರಂಭವಾಗಿತ್ತು. ಶಾನೆಸಿಯವರು ಸೇರಿದ್ದು ಆ ಏರ್ಪಾಡಿನಲ್ಲಿ. ಏಡ್ರಿಯನ್ ರಿಚ್, ಆಡ್ರಿ ಲಾರ್ಡ್, ಜೂನ್ ಜಾರ್ಡನ್, ಟೋನಿ ಕೇಡ್ ಬಂಬಾರಾ ಮೊದಲಾದ, ಮುಂದೆ ಕವಿಗಳೆಂದೂ ಕಥೆಗಾರರೆಂದೂ ಪ್ರಖ್ಯಾತರಾದ ಲೇಖಕಿಯರು ಅಲ್ಲಿಯೇ ವಾಕ್ಯರಚನೆಯನ್ನು ಕಲಿಸುತ್ತಿದ್ದರೆಂಬುದು ಆ ಕಾಲದ ಒಂದು ವಿಶೇಷ.

1969ರ ಏಪ್ರಿಲಿನಲ್ಲಿ ಆಫ್ರಿಕಾ ಮೂಲದ ಹಾಗೂ ಪೋರ್ಟೊರಿಕೋ ಮೂಲದ ವಿದ್ಯಾರ್ಥಿಗಳು ಕಾಲೇಜಿನ ದಕ್ಷಿಣಭಾಗದ ಬಾಗಿಲುಗಳಿಗೆ ಬೀಗವನ್ನು ಹಾಕಿ ಕುಳಿತರು. ನಗರದ ಉಚ್ಚಶಿಕ್ಷಣ ಮಂಡಲಿಯು ಅದೇ ವರ್ಷ ಒಂದು ನಿರ್ಧಾರವನ್ನು ಮಾಡಿತು. 1970ರಿಂದ ಪ್ರೌಢಶಾಲೆಯನ್ನು ಮುಗಿಸಿದ ನಗರದ ಪ್ರತಿಯೊಬ್ಬ ವಿದ್ಯಾರ್ಥಿಗೂ ಸಿಟಿ ವಿಶ್ವವಿದ್ಯಾನಿಲಯದ ಯಾವುದಾದರೊಂದು ಕಾಲೇಜಿನಲ್ಲಿ ಸ್ಥಾನವಿರತಕ್ಕದ್ದು. ಹೆಚ್ಚು ಅಂಕಗಳವರಿಗೆ ನಾಲ್ಕು ವರ್ಷದ ಕಾಲೇಜು, ಉಳಿದವರಿಗೆ ಸಮುದಾಯ ಕಾಲೇಜು. ಪರಿಣಾಮವಾಗಿ, ಹಿಂದಿನ ವರ್ಷ ಸುಮಾರು 20,000 ಇದ್ದ ಹೊಸ ವಿದ್ಯಾರ್ಥಿಗಳ ಸಂಖ್ಯೆ ಆ ವರ್ಷ ಸುಮಾರು 35,000ಕ್ಕೆ ಏರಿತು. ಬಾಗಿಲನ್ನೇನೋ ತೆರೆದಾಯಿತು, ಒಳಗೆ ಬಂದವರಿಗೆ ಏನನ್ನು ಹೇಗೆ ಕಲಿಸಬೇಕೆಂಬುದನ್ನು ಯಾರೂ ಬಲ್ಲವರಿರಲಿಲ್ಲ.

ಹೊಸದಾಗಿ ಬಂದವರು ಬರೆದ ಮೊದಲ ಪ್ರಬಂಧಗಳನ್ನು ಓದಿದಾಗ ಅಧ್ಯಾಪಕರು ದಿಗ್ಭ್ರಾಂತರಾದರು. ತಪ್ಪುಗಳು ಒಂದೆರಡಾದರೆ ಕೆಂಪು ಶಾಯಿಯಿಂದ ಗುರುತು ಹಾಕಬಹುದು. ತಪ್ಪಿಲ್ಲದ ಸಾಲೇ ಇಲ್ಲವಾದರೆ ಗುರುತು ಹಾಕುವುದೆಲ್ಲಿ? ಸಿಟಿ ಕಾಲೇಜಿನ ಬರವಣಿಗೆಯ ಪಾಠಗಳ ಮುಖ್ಯಸ್ಥೆಯಾಗಿದ್ದ ಶಾನೆಸಿಯವರು ಕೂಡ ಮೊದಲ ಬಾರಿ ಆ ಹಾಳೆಗಳನ್ನು ಓದಿ, ಯಾವುದರಿಂದ ಪ್ರಾರಂಭಿಸಬೇಕೆಂದು ತಿಳಿಯದೆ ಬರಿದೇ ಕುಳಿತುಬಿಟ್ಟುದಾಗಿ ಮುಂದೆ ತಮ್ಮ ಗ್ರಂಥದಲ್ಲಿ ಮರೆಮಾಚದೆ ಹೇಳಿದ್ದಾರೆ. ಅನೇಕರು ಆಗ ಬಂದ ತೀರ್ಮಾನವೇನೆಂದರೆ, ಇವರು ಕಲಿಯಲು ಅರ್ಹರಲ್ಲ, ಕಾಲೇಜು ಕೆಟ್ಟಿತು ಎಂಬುದು. ಶಾನೆಸಿಯವರು ಆ ಹಾಳೆಗಳನ್ನು ಮತ್ತೊಮ್ಮೆ ಓದಿದರು. ಅವರಿಗೂ ಇತರರಿಗೂ ಇದ್ದ ವ್ಯತ್ಯಾಸ ಅಷ್ಟೇ ಎಂದರೂ ಸಲ್ಲುತ್ತದೆ.

ಹೀಗೆ ಅವರು 1970ರಿಂದ 1974ರವರೆಗಿನ ಸುಮಾರು 4,000 ಪ್ರವೇಶ ಪ್ರಬಂಧಗಳನ್ನು ವ್ಯಾಸಂಗ ಮಾಡಿದರು. ವ್ಯಾಸಂಗವೆಂಬ ಪದವನ್ನು ಇಲ್ಲಿ ವಿವೇಚಿಸಿಯೇ ಪ್ರಯೋಗಿಸಿದೆ. ವಿದ್ವಾಂಸರು ಪ್ರಾಚೀನ ಕವಿಯ ತಾಳೆಗರಿಯಲ್ಲಿ ಅರ್ಥವಾಗದ ಪಾಠವೊಂದು ಬಂದರೆ, ಲಿಪಿಕಾರನನ್ನು ಕೂಡಲೆ ಮೂರ್ಖನೆಂದು ಕರೆಯುವುದಿಲ್ಲ. ಅವನ ಕಣ್ಣು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಜಾರಿತೋ, ಅವನ ಊರಿನ ಉಚ್ಚಾರಣೆ ಹಾಗಿದ್ದಿತೋ, ಒಂದು ಅಕ್ಷರವು ಮತ್ತೊಂದರಂತೆ ಕಂಡಿತೋ ಎಂದು ವಿಚಾರಿಸುತ್ತಾರೆ. ತಪ್ಪಿಗೆ ಕಾರಣವು ದೊರೆತರೆ ಶುದ್ಧಪಾಠವೂ ದೊರೆಯುತ್ತದೆ. ಸತ್ತ ಲಿಪಿಕಾರನಿಗೆ ತೋರುವ ಈ ಮರ್ಯಾದೆಯನ್ನು ಜೀವಂತ ವಿದ್ಯಾರ್ಥಿಗೆ ತೋರುವ ಪದ್ಧತಿ ಮಾತ್ರ ಎಲ್ಲಿಯೂ ಇರಲಿಲ್ಲ. ಶಾನೆಸಿಯವರು ತೋರಿದರು. ತೋರಿದಾಗ ಅವರಿಗೆ ಕಂಡುಬಂದದ್ದೇನೆಂದರೆ, ತಪ್ಪುಗಳಲ್ಲಿ ಬಹುಪಾಲು ಅಡ್ಡಾದಿಡ್ಡಿಯಾದವುಗಳಲ್ಲ, ಅವುಗಳಿಗೆ ನಿಯಮವುಂಟು, ಬರೆದವನು ಒಂದು ಸೂತ್ರವನ್ನು ಅನುಸರಿಸಿಯೇ ಬರೆದಿದ್ದಾನೆ, ಆದರೆ ಆ ಸೂತ್ರವು ಇಂಗ್ಲೀಷು ಗ್ರಂಥಭಾಷೆಯ ಸೂತ್ರವಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ; ಇಂಗ್ಲೀಷನ್ನು ಅರಿಯದವರಿಗೂ ಇದು ತಿಳಿಯತಕ್ಕದ್ದೇ. ಕನ್ನಡದಲ್ಲಿ ಕರ್ತೃಪದವು ಬಹುವಚನವಾದರೆ ಕ್ರಿಯಾಪದವೂ ಬಹುವಚನವಾಗುತ್ತದೆ: ಹುಡುಗನು ಬರುತ್ತಾನೆ, ಹುಡುಗರು ಬರುತ್ತಾರೆ. ಇದು ನ್ಯಾಯವಾದ ರೀತಿ. ಇಂಗ್ಲೀಷಿನಲ್ಲಿ ನಾಮಪದದ ಕೊನೆಗೆ ಸಕಾರವನ್ನು ಹಚ್ಚಿದರೆ ಬಹುವಚನ: ಬಾಯ್ ಎಂದರೆ ಒಬ್ಬ ಹುಡುಗ, ಬಾಯ್ಸ್ ಎಂದರೆ ಹಲವರು. ಅದೇ ಸಕಾರವನ್ನು ವರ್ತಮಾನಕಾಲದ ಕ್ರಿಯಾಪದಕ್ಕೆ ಹಚ್ಚಿದರೆ ಮಾತ್ರ ಪ್ರಥಮಪುರುಷದ ಏಕವಚನ! ಒಬ್ಬ ಹುಡುಗನು ಓಡಿದರೆ ಕ್ರಿಯಾಪದಕ್ಕೆ ಸಕಾರ ಬೇಕು. ಹಲವರು ಓಡಿದರೆ ಅದನ್ನು ಕಳೆದುಬಿಡಬೇಕು. ನಾಮಪದದಲ್ಲಿ ಹೆಚ್ಚನ್ನು ಸೂಚಿಸುವ ಚಿಹ್ನೆ ಕ್ರಿಯಾಪದದಲ್ಲಿ ಒಂದನ್ನು ಸೂಚಿಸುತ್ತದೆ. ಬಹುವಚನಕ್ಕೆ ಸಕಾರವನ್ನು ಹಚ್ಚಬೇಕೆಂದು ಉಪಾಧ್ಯಾಯರಿಂದ ಕಲಿತ ವಿದ್ಯಾರ್ಥಿಯು ಹುಡುಗರಿಗೂ ಓಟಕ್ಕೂ ಎರಡಕ್ಕೂ ಸಕಾರವನ್ನು ಹಚ್ಚಿ ಬರೆದರೆ, ಅವನು ವ್ಯಾಕರಣವನ್ನು ಮೀರಿದವನೋ, ವ್ಯಾಕರಣಕ್ಕಿಂತ ಹೆಚ್ಚು ವ್ಯಾಕರಣಬದ್ಧನಾದವನೋ? ಅವನ ಹಾಳೆಯ ಅಂಚಿನಲ್ಲಿ ತಪ್ಪು ಎಂದು ನೂರು ಸಲ ಬರೆದರೂ ಅವನು ತಿದ್ದಿಕೊಳ್ಳಲಾರ. ಏಕೆಂದರೆ ಅವನ ದೃಷ್ಟಿಯಲ್ಲಿ ಅವನು ಕಲಿಸಿದ ನಿಯಮವನ್ನೇ ಪಾಲಿಸಿದ್ದಾನೆ. ಇದರ ಮೇಲೆ, ಅವನ ಮನೆಯ ಮಾತಿನಲ್ಲಿ ಆ ಕ್ರಿಯಾಪದದ ಸಕಾರವು ಇಲ್ಲದೆಯೂ ಇರಬಹುದು. ವಿಲಿಯಂ ಲಬೋವ್ ಎಂಬ ಭಾಷಾಶಾಸ್ತ್ರಜ್ಞರು 1960ರ ದಶಕದಲ್ಲಿ ಅದೇ ಹಾರ್ಲೆಮಿನ ಬೀದಿಗಳಲ್ಲಿ ಯುವಕರ ಮಾತನ್ನು ಪರೀಕ್ಷಿಸಿ, ಆ ಜನರ ಇಂಗ್ಲೀಷು ಕೆಟ್ಟ ಇಂಗ್ಲೀಷಲ್ಲ, ತನ್ನದೇ ನಿಯಮಗಳುಳ್ಳ ಉಪಭಾಷೆಯೆಂದು ಸಾಧಿಸಿದ್ದರು.

ಹಳ್ಳಿಯ ಕನ್ನಡದಲ್ಲಿ ಹಕಾರವು ಲೋಪವಾಗುವ ಪ್ರದೇಶಗಳ ಮಕ್ಕಳನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಮನೆಯಲ್ಲಿ ಆಲು ಎಂದ ಹುಡುಗನಿಗೆ ಪಾಠಶಾಲೆಯಲ್ಲಿ ಹಾಲು ಎನ್ನಬೇಕೆಂದು ತಿದ್ದಿದರೆ, ಮರುದಿನ ಅವನು ಅನ್ನವನ್ನು ಹನ್ನವೆಂದು ಹೇಳುತ್ತಾನೆ. ಸಹಪಾಠಿಗಳು ನಗುತ್ತಾರೆ. ಆದರೆ ಆ ಹನ್ನದಲ್ಲಿ ಇರುವುದು ಮೌಢ್ಯವಲ್ಲ. ಗುರುವಿನ ಮಾತನ್ನು ಅವನು ಎಷ್ಟು ಗಂಭೀರವಾಗಿ ತೆಗೆದುಕೊಂಡನೆಂಬುದಕ್ಕೆ ಅದೇ ಪ್ರಮಾಣ. ಕಲಿಯಲು ಹೊರಡದೆ ಇರುವವನು ಇಂತಹ ತಪ್ಪನ್ನು ಎಂದಿಗೂ ಮಾಡುವುದಿಲ್ಲ.

ಭೂತಕಾಲದ ಪ್ರತ್ಯಯದ ವಿಷಯವೂ ಹೀಗೆಯೇ. ಹಿಂದೆ ಮಾಡುತ್ತಿದ್ದುದನ್ನು ಹೇಳುವಾಗ ಇಂಗ್ಲೀಷಿನವರು ಯೂಸ್ಡ್ ಟು ಎಂದು ಬರೆಯುತ್ತಾರೆ; ಮಾತಿನಲ್ಲಾದರೋ ನಡುವಿನ ಡಕಾರವು ಮುಂದಿನ ಟಕಾರದಲ್ಲಿ ಕರಗಿಹೋಗಿ ಯೂಸ್ ಟು ಎಂದು ಮಾತ್ರ ಕೇಳಿಬರುತ್ತದೆ. ಕಿವಿಯನ್ನು ನಂಬಿ ಬರೆಯುವವನು ಡಕಾರವನ್ನು ಬಿಡುತ್ತಾನೆ. ಪುಸ್ತಕಗಳನ್ನು ಬಹಳವಾಗಿ ಓದಿದವನ ಕಣ್ಣಿನಲ್ಲಿ ಆ ಡಕಾರವು ನಿಂತಿರುತ್ತದೆ; ಇವನು ಓದಿದ್ದೇ ಕಡಮೆ. ಆದುದರಿಂದ ಇಲ್ಲಿ ಕೊರತೆಯಾದುದು ಬುದ್ಧಿಯಲ್ಲ, ಅಚ್ಚಿನ ಅಕ್ಷರದೊಡನೆ ಕಳೆದ ಕಾಲ.

ಇಂತಹ ನೂರಾರು ವಿವರಗಳನ್ನು ಶಾನೆಸಿಯವರು ವಿಂಗಡಿಸಿ, 1977ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅದರ ಹೆಸರನ್ನು ಕನ್ನಡದಲ್ಲಿ ತಪ್ಪುಗಳು ಮತ್ತು ನಿರೀಕ್ಷೆಗಳು ಎಂದು ಹೇಳಬಹುದು. ಕೈಬರಹ ಹಾಗೂ ಲೇಖನಚಿಹ್ನೆಗಳಿಂದ ಆರಂಭಿಸಿ, ವಾಕ್ಯರಚನೆ, ಪ್ರತ್ಯಯದೋಷಗಳು, ಅಕ್ಷರವಿನ್ಯಾಸ, ಶಬ್ದಸಂಪತ್ತು, ವಾಕ್ಯದಿಂದಾಚೆಯ ಪ್ರಬಂಧರಚನೆ ಎಂದು ಅದು ಹಂತಹಂತವಾಗಿ ಏರುತ್ತದೆ. ಹೆಸರಿಲ್ಲದ ವಿದ್ಯಾರ್ಥಿಗಳ ವಾಕ್ಯಗಳೇ ಅಲ್ಲಿಯ ಲಕ್ಷ್ಯಗಳು. ಒಬ್ಬನು ಒಂದೇ ಪ್ರಬಂಧದ ಮೊದಲ ವಾಕ್ಯವನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಮತ್ತೆ ಹೊಡೆದುಹಾಕಿ, ಅನೇಕ ಸಲ ಆರಂಭಿಸಿದುದನ್ನು ಅವರು ಒಂದೊಂದಾಗಿ ಎತ್ತಿ ತೋರಿಸಿದ್ದಾರೆ. ಅದನ್ನು ಓದಿದವನಿಗೆ ಕಾಣುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಭಯ. ಶಾಲೆಯ ಹನ್ನೆರಡು ವರ್ಷಗಳಲ್ಲಿ ಬರೆದ ಪ್ರತಿಯೊಂದು ಸಾಲಿಗೂ ಕೆಂಪು ಗೆರೆಯನ್ನು ಪಡೆದವನಿಗೆ ಬಿಳಿಯ ಹಾಳೆಯು ನ್ಯಾಯಸ್ಥಾನದ ಕಟಕಟೆಯಂತೆ ಕಾಣುತ್ತದೆ. ಅವನು ಸಣ್ಣ ಅಕ್ಷರಗಳಲ್ಲಿ, ಕಡಮೆ ಮಾತುಗಳಲ್ಲಿ, ತಿಳಿದಷ್ಟೇ ಪದಗಳಲ್ಲಿ ಬರೆದು ತಪ್ಪಿಸಿಕೊಳ್ಳಲು ನೋಡುತ್ತಾನೆ. ಬರೆಯದವನಿಗೆ ಬರವಣಿಗೆ ಬಂದೀತೆ?

ಹಾಗಾದರೆ ತಪ್ಪನ್ನು ತಿದ್ದಲೇಬಾರದೆಂದು ಅವರು ಹೇಳಿದರೆಂದು ಯಾರಾದರೂ ಭಾವಿಸಿದರೆ ಅದು ಅನ್ಯಾಯವಾದೀತು. ಅಂದಿನ ದಿನಗಳಲ್ಲಿ ಹಾಗೆ ಹೇಳುವವರೂ ಇದ್ದರು. ಮನೆಯ ಮಾತಿನಲ್ಲಿ ಬರೆಯಲಿ, ಅದೇ ಅವನ ಸ್ವಾತಂತ್ರ್ಯವೆಂಬುದು ಅವರ ವಾದ. ಶಾನೆಸಿಯವರು ಈ ಮಾರ್ಗವನ್ನೂ ಹಿಡಿಯಲಿಲ್ಲ. ಅವರ ವಿಚಾರವು ವ್ಯಾಪಾರಿಯ ಲೆಕ್ಕದಂತೆ ಸರಳವಾದುದು. ಬರೆಯುವವನಿಗೂ ಓದುವವನಿಗೂ ನಡುವೆ ಒಂದು ಕೊಡುಕೊಳ್ಳುವಿಕೆ ಇದೆ. ಓದುವವನಲ್ಲಿರುವ ಬಂಡವಾಳ ಅವನ ಗಮನ. ಪ್ರತಿಯೊಂದು ತಪ್ಪೂ ಆ ಗಮನದಲ್ಲಿ ಸ್ವಲ್ಪವನ್ನು ಕಿತ್ತುಕೊಂಡು, ಪ್ರತಿಫಲವಾಗಿ ಏನನ್ನೂ ಕೊಡುವುದಿಲ್ಲ. ತಪ್ಪುಗಳು ಹೆಚ್ಚಿದಷ್ಟೂ ಓದುವವನು ಅರ್ಥವನ್ನು ತಲಪುವ ಮೊದಲೇ ದಣಿಯುತ್ತಾನೆ. ಉದ್ಯೋಗವನ್ನು ಕೊಡುವ ಯಜಮಾನನಿಗೆ ದಣಿಯುವಷ್ಟು ತಾಳ್ಮೆಯೂ ಇರುವುದಿಲ್ಲ. ಆದುದರಿಂದ ಬಡವನ ಮಗನಿಗೆ ಗ್ರಂಥಭಾಷೆಯನ್ನು ಕಲಿಸದೆ ಬಿಡುವುದು ದಯೆಯೆಂದು ಅವರು ಒಪ್ಪಲಿಲ್ಲ. ಆದರೆ ಕಲಿಸುವವನು ತಪ್ಪಿನ ಕಾರಣವನ್ನು ತಿಳಿದು, ಹತ್ತು ತಪ್ಪುಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಸದ್ಯಕ್ಕೆ ಬಿಡಬೇಕೆಂಬುದನ್ನು ನಿಶ್ಚಯಿಸಿಕೊಂಡು ಮುಂದುವರಿಯಬೇಕು. ಅಕ್ಷರವಿನ್ಯಾಸದ ವಿಷಯದಲ್ಲಿ, ವಿದ್ಯಾರ್ಥಿಯು ತಾನು ತಪ್ಪಿದ ಶಬ್ದಗಳ ಪಟ್ಟಿಯನ್ನು ತಾನೇ ಇಟ್ಟುಕೊಂಡು, ಯಾವ ಬಗೆಯ ತಪ್ಪು ತನ್ನಿಂದ ಪದೇ ಪದೇ ಆಗುತ್ತದೆಂಬುದನ್ನು ಕಂಡುಕೊಳ್ಳಬೇಕೆಂದು ಅವರ ಸಲಹೆ. ಇದರಿಂದ ವಿದ್ಯಾರ್ಥಿಯೂ ತನ್ನ ತಪ್ಪಿನ ಪರೀಕ್ಷಕನಾಗುತ್ತಾನೆ.

1975ರ ಡಿಸೆಂಬರಿನಲ್ಲಿ ಭಾಷಾಪ್ರಾಧ್ಯಾಪಕರ ದೊಡ್ಡ ಸಮ್ಮೇಲನದಲ್ಲಿ ಅವರು ಮಾಡಿದ ಭಾಷಣವು ಗ್ರಂಥಕ್ಕಿಂತಲೂ ಚಿಕ್ಕದು, ಚುಚ್ಚುವುದರಲ್ಲಿ ಮಾತ್ರ ಹೆಚ್ಚಿನದು. ಹಿಂದುಳಿದ ವಿದ್ಯಾರ್ಥಿಯು ಯಾವ ಯಾವ ಹಂತಗಳಲ್ಲಿ ಮುಂದುವರಿಯುತ್ತಾನೆಂದು ಅಳೆಯುವ ಕೋಷ್ಟಕಗಳು ಅಂದು ಬೇಕಾದಷ್ಟಿದ್ದವು. ಅವರು ಕೋಷ್ಟಕವನ್ನು ತಿರುಗಿಸಿ ಅಧ್ಯಾಪಕನ ಮೇಲೆ ಇಟ್ಟರು. ಅಧ್ಯಾಪಕನ ಮೊದಲ ಹಂತವು ಗೋಪುರದ ಕಾವಲು: ಈ ಜನರು ಒಳಗೆ ಬಂದು ವಿದ್ಯೆಯನ್ನು ಕೆಡಿಸದಂತೆ ಕಾಯಬೇಕೆಂಬ ಬುದ್ಧಿ. ಎರಡನೆಯದು, ಇವರಲ್ಲಿ ಕೆಲವರಾದರೂ ಕಲಿಯಬಲ್ಲರೆಂದು ಒಪ್ಪಿ, ಕಾಡಿನವರನ್ನು ಮತಕ್ಕೆ ಸೇರಿಸಿಕೊಳ್ಳುವ ಪಾದ್ರಿಯಂತೆ ಅವರ ಬರಿದಾದ ತಲೆಗೆ ನಿಯಮಗಳನ್ನು ತುಂಬುವುದು. ಮೂರನೆಯದು, ತುಂಬಿದ್ದು ನಿಲ್ಲದಿರುವುದನ್ನು ಕಂಡು, ಆ ತಲೆ ಬರಿದಾಗಿರಲಿಲ್ಲವೆಂದು ಅರಿತು, ಅಲ್ಲಿ ಏನಿದೆಯೆಂದು ಆಳವನ್ನು ನೋಡುವುದು. ನಾಲ್ಕನೆಯದು ತಾನೇ ನೀರಿಗೆ ಧುಮುಕುವುದು: ತಾನು ಇದುವರೆಗೆ ಹೀನವೆಂದು ಬಿಟ್ಟಿದ್ದ ವಿಷಯವನ್ನು ತಾನೇ ವಿದ್ಯಾರ್ಥಿಯಾಗಿ ಓದುವುದಕ್ಕೆ ಸಿದ್ಧನಾಗುವುದು. ತಿದ್ದಬೇಕಾದುದು ವಿದ್ಯಾರ್ಥಿಯೊಬ್ಬನೇ ಅಲ್ಲವೆಂಬ ಈ ಮಾತನ್ನು ಪ್ರಾಧ್ಯಾಪಕರ ಸಭೆಯಲ್ಲಿಯೇ ನಿಂತು ಹೇಳಿದುದು ಸಣ್ಣ ಧೈರ್ಯವಲ್ಲ. ಹೇಳಿದವರಿಗೆ ಡಾಕ್ಟರ್ ಪದವಿಯೂ ಇರಲಿಲ್ಲವೆಂಬುದನ್ನು ಸಭಾಸದರು ನೆನಪಿನಲ್ಲಿಡಬೇಕು.

ಅದೇ 1975ರಲ್ಲಿ ಅವರು ಸಹೋದ್ಯೋಗಿಗಳೊಡನೆ ಈ ವಿಷಯಕ್ಕೇ ಮೀಸಲಾದ ಪತ್ರಿಕೆಯೊಂದನ್ನು ಪ್ರಾರಂಭಿಸಿದರು. ಅದರ ಮೊದಲ ಸಂಚಿಕೆಯ ವಿಷಯವೇ ತಪ್ಪು. ವಿಶ್ವವಿದ್ಯಾನಿಲಯವು ಅವರನ್ನು ಉಪಡೀನರನ್ನಾಗಿ ನೇಮಿಸಿದುದರಿಂದ, ನಗರದ ಸಮುದಾಯ ಕಾಲೇಜುಗಳ ಅಧ್ಯಾಪಕರಿಗೂ ಅವರ ಸಹಾಯವು ದೊರೆಯುವಂತಾಯಿತು. ಹಿಂದೆ ಈ ಪಾಠಗಳನ್ನು ರೋಗಿಗೆ ಔಷಧವನ್ನು ಕೊಡುವ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಆ ಸ್ಥಾನದಲ್ಲಿ ಮೂಲಬರವಣಿಗೆ ಎಂಬ ಅರ್ಥದ ಹೆಸರು ಬಳಕೆಗೆ ಬಂದುದು ಅವರಿಂದ. ವಿದ್ಯಾರ್ಥಿಯು ರೋಗಿಯಲ್ಲ, ಆರಂಭಿಸುತ್ತಿರುವವನು ಎಂಬುದನ್ನು ಆ ಹೆಸರು ಹೇಳುತ್ತದೆ.

ಆದರೆ ಗ್ರಂಥವು ಹೊರಬರುವಷ್ಟರಲ್ಲಿ ಅದಕ್ಕೆ ಆಧಾರವಾದ ನೆಲವೇ ಕುಸಿಯುತ್ತಿತ್ತು. ನ್ಯೂಯಾರ್ಕು ನಗರವು ಸಾಲದಲ್ಲಿ ಮುಳುಗಿತು. 1976ರಲ್ಲಿ ವಿಶ್ವವಿದ್ಯಾನಿಲಯವು ಹಣವಿಲ್ಲದೆ ಕೆಲವು ದಿನಗಳು ಬಾಗಿಲನ್ನೇ ಮುಚ್ಚಬೇಕಾಯಿತು. 1847ರಿಂದ ನಡೆದುಬಂದಿದ್ದ ಶುಲ್ಕರಹಿತ ವಿದ್ಯಾದಾನವು ಅದೇ ವರ್ಷ ನಿಂತುಹೋಯಿತು. ಬಹುಸಂಖ್ಯೆಯ ಅಧ್ಯಾಪಕರು ಕೆಲಸವನ್ನು ಕಳೆದುಕೊಂಡರು. ಮೊದಲು ಹೋದವರು ಕೊನೆಯಲ್ಲಿ ಸೇರಿದ್ದವರು, ಎಂದರೆ ಬರವಣಿಗೆಯನ್ನು ಕಲಿಸಲು ಬಂದಿದ್ದ ತರುಣರು. 129 ವರ್ಷಗಳ ಕಾಲ ಯೂರೋಪಿನಿಂದ ಬಂದವರ ಮಕ್ಕಳಿಗೆ ಉಚಿತವಾಗಿದ್ದ ವಿದ್ಯೆಗೆ, ಆಫ್ರಿಕಾ ಹಾಗೂ ಪೋರ್ಟೊರಿಕೋ ಮೂಲದವರ ಮಕ್ಕಳು ಬಂದು ಆರು ವರ್ಷವಾಗುವಷ್ಟರಲ್ಲಿ ಬೆಲೆಯನ್ನು ಕಟ್ಟಲಾಯಿತೆಂಬ ಆಕ್ಷೇಪವು ಆಗ ಕೇಳಿಬಂದಿತು; ಅದನ್ನು ಪೂರ್ತಿಯಾಗಿ ಅಲ್ಲಗಳೆಯುವುದು ಸುಲಭವಲ್ಲ. ಹಣದ ಕೊರತೆ ನಿಜವಾದುದೇ ಆಗಿದ್ದಿತು. ಕೊರತೆಯಾದಾಗ ಮೊದಲು ಯಾರ ಎಲೆಯನ್ನು ಎತ್ತುತ್ತಾರೆಂಬುದು ಮಾತ್ರ ಬೇರೆಯ ಪ್ರಶ್ನೆ. 1978ರಲ್ಲಿ ಅದೇ ಕಾಲೇಜಿನ ಡೀನರೊಬ್ಬರು, ಮುಕ್ತಪ್ರವೇಶವು ಕಾಲೇಜನ್ನು ಕೊಂದಿತೆಂಬ ಅರ್ಥದ ಲೇಖನವನ್ನು ದೇಶವೆಲ್ಲ ಓದುವ ಪತ್ರಿಕೆಯೊಂದರಲ್ಲಿ ಬರೆದರು. ಅಷ್ಟರಲ್ಲಿ ಶಾನೆಸಿಯವರು ಅರ್ಬುದರೋಗದಿಂದ ಹಾಸಿಗೆ ಹಿಡಿದಿದ್ದರು. ಆ ವರ್ಷದ ನವೆಂಬರಿನಲ್ಲಿ ಅವರು ಕಾಲವಶರಾದರು. ಗ್ರಂಥವು ಪ್ರಕಟವಾಗಿ ಎರಡು ವರ್ಷವೂ ತುಂಬಿರಲಿಲ್ಲ.

ಅವರ ಗ್ರಂಥದ ಮೇಲೆ ಮುಂದಿನ ವಿದ್ವಾಂಸರು ಆಕ್ಷೇಪಗಳನ್ನೂ ಎತ್ತಿದ್ದಾರೆ. ಭಾಷೆಯ ರೂಪವನ್ನು ಮಾತ್ರ ನೋಡಿ, ರೂಪವು ಬದಲಾದರೆ ವಿದ್ಯಾರ್ಥಿಯ ಆಲೋಚನೆಯೂ ಅವನ ಮನೆಯವರೊಡನೆ ಅವನಿಗಿರುವ ಸಂಬಂಧವೂ ಬದಲಾಗುತ್ತದೆಂಬುದನ್ನು ಅವರು ಸಾಕಷ್ಟು ಗಮನಿಸಲಿಲ್ಲವೆಂಬುದು ಮುಖ್ಯವಾದ ಆಕ್ಷೇಪ. 1990ರ ದಶಕದಲ್ಲಿ ಚೀನಾದೇಶದಲ್ಲಿ ಹುಟ್ಟಿ ಅಮೇರಿಕಾದಲ್ಲಿ ಇಂಗ್ಲೀಷನ್ನು ಕಲಿಸುತ್ತಿದ್ದ ಮಿನ್ ಜಾನ್ ಲು ಎಂಬ ವಿದುಷಿ ಇದನ್ನು ಬಲವಾಗಿ ಪ್ರತಿಪಾದಿಸಿದರು. ಇದರಲ್ಲಿ ಸತ್ಯಾಂಶವುಂಟು. ಮನೆಯ ಮಾತನ್ನು ಬಿಟ್ಟು ಗ್ರಂಥದ ಮಾತಿಗೆ ಬಂದ ಹುಡುಗನು ತಾಯಿಯೊಡನೆ ಮೊದಲಿನಂತೆ ಮಾತನಾಡಲಾರನೆಂಬುದು ಅನುಭವಸಿದ್ಧ. ಆದರೆ ಮುಳುಗುತ್ತಿರುವವನನ್ನು ದಡಕ್ಕೆ ಎಳೆಯುತ್ತಿರುವವರನ್ನು ಕುರಿತು, ದಡದ ಮೇಲಿನ ಬಾಳು ಸುಖಕರವೇ ಎಂದು ವಿಚಾರಿಸಲಿಲ್ಲವೆಂದು ದೂರುವುದಕ್ಕೂ ಒಂದು ಮಿತಿ ಇರಬೇಕು. ಅವರು ಬರೆದುದು ನಾಳೆ ಬೆಳಗ್ಗೆ ತರಗತಿಗೆ ಹೋಗಬೇಕಾದ ಉಪಾಧ್ಯಾಯನಿಗಾಗಿ.

ಆ ಉಪಾಧ್ಯಾಯನ ಸ್ಥಿತಿಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಮುದಾಯ ಕಾಲೇಜಿನ ಇಂಗ್ಲೀಷು ಅಧ್ಯಾಪಕರಲ್ಲಿ ಅನೇಕರು ಒಂದು ಶಿಕ್ಷಣಾವಧಿಯಲ್ಲಿ ಐದು ತರಗತಿಗಳಿಗೆ ಪಾಠವನ್ನು ಹೇಳುತ್ತಾರೆ. ತರಗತಿಗೆ ಇಪ್ಪತ್ತೈದು ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ ಐದು ಪ್ರಬಂಧಗಳು ಎಂದಿಟ್ಟುಕೊಂಡರೆ 625 ಪ್ರಬಂಧಗಳಾಗುತ್ತವೆ. ಒಂದೊಂದಕ್ಕೆ ಇಪ್ಪತ್ತು ನಿಮಿಷಗಳಂತೆ 200 ಗಂಟೆಗಳಿಗೂ ಮಿಕ್ಕು ತಿದ್ದುವುದಕ್ಕೇ ಬೇಕು. ಪಾಠ, ಸಿದ್ಧತೆ, ವಿದ್ಯಾರ್ಥಿಯೊಡನೆ ಕುಳಿತು ಮಾತನಾಡುವುದು ಇವೆಲ್ಲ ಬೇರೆ. ಈ ಕಾಲೇಜುಗಳ ಅಧ್ಯಾಪಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಪೂರ್ಣಕಾಲದ ನೌಕರರೂ ಅಲ್ಲ. ತರಗತಿಗೆ ಇಷ್ಟೆಂದು ಸಂಬಳವನ್ನು ಪಡೆದು, ಬೆಳಗ್ಗೆ ಒಂದು ಕಾಲೇಜು ಸಂಜೆ ಮತ್ತೊಂದು ಕಾಲೇಜೆಂದು ಓಡಾಡುವವರು. ಪ್ರತಿಯೊಂದು ತಪ್ಪಿನ ಹಿಂದಿರುವ ನ್ಯಾಯವನ್ನು ವಿಚಾರಿಸಿರೆಂದು ಇವರಿಗೆ ಹೇಳುವುದು ಸುಲಭ. ವಿಚಾರಿಸಲು ಅವಕಾಶವನ್ನು ಕೊಡುವುದು ಬೇರೆ ಮಾತು. ಶಾನೆಸಿಯವರಿಗೂ ಇದು ತಿಳಿದಿತ್ತು. ತಮ್ಮ ಗ್ರಂಥದ ಕೊನೆಯ ಅಧ್ಯಾಯದಲ್ಲಿ, ವಿದ್ಯಾರ್ಥಿಗಳು ಶಿಕ್ಷಣಾವಧಿಯ ಆರಂಭದಲ್ಲಿ ಬರೆದುದನ್ನೂ ಅಂತ್ಯದಲ್ಲಿ ಬರೆದುದನ್ನೂ ಪಕ್ಕಪಕ್ಕದಲ್ಲಿ ಅಚ್ಚುಮಾಡಿಸಿದ್ದಾರೆ. ಪವಾಡವೇನೂ ಅಲ್ಲಿ ಕಾಣುವುದಿಲ್ಲ. ತಪ್ಪುಗಳು ಕೆಲವು ಉಳಿದೇ ಇವೆ. ಆದರೆ ಮೊದಲು ಮೂರು ಸಾಲಿಗೆ ನಿಂತುಹೋಗುತ್ತಿದ್ದವನು ಈಗ ಒಂದು ವಿಚಾರವನ್ನು ಹಿಡಿದು ಅದರ ಬೆನ್ನು ಹತ್ತಿ ಹೋಗುತ್ತಿದ್ದಾನೆ.

ಅವರ ಮರಣಾನಂತರ ಅಮೇರಿಕಾದ ಭಾಷಾಪ್ರಾಧ್ಯಾಪಕರ ಸಂಘವು, ಭಾಷೆ ಹಾಗೂ ಬರವಣಿಗೆಯ ಬೋಧನೆಯನ್ನು ಕುರಿತ ಉತ್ತಮ ಗ್ರಂಥಕ್ಕೆ ಅವರ ಹೆಸರಿನಲ್ಲಿ ಬಹುಮಾನವನ್ನು ಸ್ಥಾಪಿಸಿತು. ಅವರು ಆರಂಭಿಸಿದ ಪತ್ರಿಕೆಯು ಇಂದಿಗೂ ನಡೆಯುತ್ತಿದೆ. ಅವರ ವಿಶ್ವವಿದ್ಯಾನಿಲಯವಾದರೋ 1999ರಲ್ಲಿ, ನಾಲ್ಕು ವರ್ಷದ ಕಾಲೇಜುಗಳಲ್ಲಿ ಇಂತಹ ಪೂರ್ವಸಿದ್ಧತೆಯ ತರಗತಿಗಳು ಇರಕೂಡದೆಂದು ನಿಶ್ಚಯಿಸಿತು. ಬರೆಯಲು ಬಾರದವರೆಲ್ಲರೂ ಸಮುದಾಯ ಕಾಲೇಜುಗಳ ಪಾಲಿಗೆ ಬಂದರು. ಅಲ್ಲಿಯೂ ಅಂಕವಾಗಲಿ ಪದವಿಯ ಕಡೆಗೆ ಲೆಕ್ಕವಾಗಲಿ ಇಲ್ಲದ ಆ ತರಗತಿಗಳಲ್ಲಿ ಸಿಕ್ಕಿಬಿದ್ದು, ಅನೇಕರು ಮುಂದಕ್ಕೆ ಹೋಗದೆ ಓದನ್ನೇ ಬಿಟ್ಟುಹೋಗುತ್ತಿದ್ದರು. ಇದನ್ನು ಕಂಡು 2023ರ ಹೊತ್ತಿಗೆ ಆ ಪ್ರತ್ಯೇಕ ತರಗತಿಗಳನ್ನೂ ತೆಗೆದುಹಾಕಿದರು. ಈಗ ಹಿಂದುಳಿದ ವಿದ್ಯಾರ್ಥಿಯು ಮೊದಲ ವರ್ಷದ ಸಾಮಾನ್ಯ ಬರವಣಿಗೆಯ ತರಗತಿಯಲ್ಲಿಯೇ ಎಲ್ಲರೊಡನೆ ಕುಳಿತುಕೊಳ್ಳುತ್ತಾನೆ. ವಾರದಲ್ಲಿ ಕೆಲವು ಹೆಚ್ಚಿನ ಗಂಟೆಗಳು ಅಧ್ಯಾಪಕನು ಅವನ ಹಾಳೆಯನ್ನು ಇಟ್ಟುಕೊಂಡು ಅವನೊಡನೆ ಕುಳಿತುಕೊಳ್ಳುತ್ತಾನೆ.